ಆರು ಯಂತ್ರಗಳ ಕೋಣೆಯೂ ನಮ್ಮ ಅತ್ತೆಯೂ

ನಮ್ಮದು ಎರಡನೇ ಮಹಡಿಯ ಮನೆ, ಮೂರು ಕೋಣೆ. ಒಂದರಲ್ಲಿ ನಾನು, ನನ್ನ ಗಂಡ, ಈಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತ ಮಗಳು, ಮತ್ತು ನಾನು ಹೆದರಿಕೆಯಿಂದ ಕೊಂಡುಕೊಂಡ ಸಾಮಾನುಗಳ ರಾಶಿ. ಇನ್ನೊಂದರಲ್ಲಿ ನಮ್ಮ ಅತ್ತೆ. ಮೂರನೆಯದು ಮನೆಯಲ್ಲೇ ಒಳ್ಳೆಯ ಕೋಣೆ: ಎರಡು ಕಿಟಕಿ, ಧಾರಾಳ ಗಾಳಿ, ಬೆಳಗಿನ ಹದವಾದ ಬಿಸಿಲು. ಯಾವ ತಾಯಿಯಾದರೂ ನೋಡಿದ ಕೂಡಲೇ "ಇದು ಮಗುವಿಗೆ" ಎನ್ನುವಂಥ ಆ ಕೋಣೆಯಲ್ಲಿ ಅತ್ತೆಯ ಆರು ಹಳೆಯ ಕಂಪ್ಯೂಟರುಗಳು ವಾಸವಾಗಿದ್ದವು.

ವಾಸವಾಗಿದ್ದವು ಎಂದು ಸುಮ್ಮನೆ ಬರೆಯುತ್ತಿಲ್ಲ. ಅವಕ್ಕೆ ಹೆಸರಿದ್ದವು. ಸದಾ ಗೊರಗುಟ್ಟುವುದು ಕಿರಿಕಿರಿ. ಚಾಲೂ ಆಗಲು ಚಹಾ ಕುದಿಯುವಷ್ಟು ಹೊತ್ತು ಬೇಡುವುದು ಅಜ್ಜಿ. ಮೇಜಿನ ಕಾಲು ಬಗ್ಗಿಸುವಷ್ಟು ಭಾರವಾದದ್ದು ಗುಂಡ. ಹಚ್ಚಿದ್ದೀವೋ ಇಲ್ಲವೋ ತಿಳಿಯದಷ್ಟು ಸದ್ದಿಲ್ಲದ್ದು ಮೌನಿ. ಉಳಿದೆರಡು ಒಂದೇ ಕಂಪನಿಯವು, ನೋಡಲು ಒಂದೇ ಥರ. ಆದರೆ ಒಂದು ಒಪ್ಪಿದ್ದನ್ನು ಇನ್ನೊಂದು ಜನ್ಮದಲ್ಲಿ ಒಪ್ಪುತ್ತಿರಲಿಲ್ಲ. ಹಾಗಾಗಿ ಅವು ದೊಡ್ಡ ವಾರಗಿತ್ತಿ, ಚಿಕ್ಕ ವಾರಗಿತ್ತಿ. ಆರಕ್ಕೆ ಆರೂ ಬೇರೆ ಬೇರೆ ಆಪರೇಟಿಂಗ್ ಸಿಸ್ಟಮ್ಮಿನವು.

ಮದುವೆಯಾಗಿ ಬಂದಾಗ ನಾನು ಇದನ್ನು ಹವ್ಯಾಸ ಎಂದುಕೊಂಡಿದ್ದೆ. ಕೆಲವರು ಮೀನು ಸಾಕುತ್ತಾರೆ, ಇವರು ಇದನ್ನು. ಒಂದು ದಿನ ಹಾಗೇ ಹೇಳಿಯೂಬಿಟ್ಟೆ.

"ಹವ್ಯಾಸ ಅಂತೆ!" ಎಂದರು ಅತ್ತೆ. "ನಿನ್ನ ಗಂಡ ಡಿಗ್ರಿ ತಗೊಂಡಿದ್ದು ಈ ಹವ್ಯಾಸದಿಂದಲೇ ಕಣಮ್ಮಾ."

ಅತ್ತೆ ಚಿಕ್ಕ ವಯಸ್ಸಿನಲ್ಲಿ ಒಂದು ಶೈತ್ಯಾಗಾರದ ಕಂಪನಿಗೆ ಟೈಪಿಸ್ಟ್ ಆಗಿ ಸೇರಿದವರು. ತರಕಾರಿ, ಮೀನು, ಹೂವು, ಐಸ್ ಕ್ರೀಮ್ ಇಡುವ ತಣ್ಣನೆಯ ಕೋಣೆಗಳನ್ನು ಕಟ್ಟಿಕೊಡುವ ಕಂಪನಿ ಅದು. ಅಲ್ಲಿಗೆ ಮೊದಲ ಕಂಪ್ಯೂಟರ್ ಬಂದಾಗ ಮುಟ್ಟಲು ಗಂಡಸರೆಲ್ಲ ಹೆದರಿದರಂತೆ. "ಟೈಪ್ ಮಾಡೋ ಪೆಟ್ಟಿಗೆ ತಾನೇ, ನಿನಗೇ ಸರಿ" ಎಂದು ಇವರ ಮುಂದೆ ತಳ್ಳಿದರಂತೆ. ಅತ್ತೆ ತಾವೇ ಓದಿ, ತಪ್ಪಿ, ಮತ್ತೆ ಓದಿ, ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಮ್ ಬರೆದರು. ಅದು ತಣ್ಣನೆಯ ಕೋಣೆಯ ಉಷ್ಣತೆ ಓದುತ್ತದೆ, ಏರಿದರೆ ಗಂಟೆ ಬಾರಿಸುತ್ತದೆ, ಬೆಂಕಿ ಬಿದ್ದಷ್ಟು ಏರಿದರೆ ಮೋಟಾರನ್ನೇ ನಿಲ್ಲಿಸುತ್ತದೆ.

ಬರೆದದ್ದು ಸುಲಭದ ಭಾಗ ಎನ್ನುತ್ತಾರೆ ಅವರು. ಕಷ್ಟ ಇದ್ದದ್ದು ಗಿರಾಕಿಗಳ ಹತ್ತಿರ. ಮೀನಿನವನು ಅಗ್ಗಕ್ಕೆ ಸಿಕ್ಕಿತೆಂದು ಒಂದು ಕಂಪ್ಯೂಟರ್ ತಂದರೆ, ಹೂವಿನವನು ಭಾವಮೈದ ಕೊಟ್ಟನೆಂದು ಇನ್ನೊಂದು ಥರದ್ದನ್ನು ತರುತ್ತಿದ್ದ. ಒಂದು ಯಂತ್ರಕ್ಕೆ ಕಟ್ಟಿದ ಪ್ರೋಗ್ರಾಮ್ ಇನ್ನೊಂದಕ್ಕೆ ಅರ್ಥವೇ ಆಗದು. ಬರೆದ ಮಾತು ಒಂದೇ ಆದರೂ ಆಯಾ ಯಂತ್ರದ ಮೇಲೆ, ಆಯಾ ಯಂತ್ರದ ಮರ್ಜಿ ನೋಡಿಕೊಂಡು, ಹೊಸದಾಗಿ ಕಟ್ಟಬೇಕು. ಅತ್ತೆ ಬಸ್ಸು ಹತ್ತಿ ಊರೂರಿಗೆ ಹೋಗಿ ಶೈತ್ಯಾಗಾರದ ಮೂಲೆಯಲ್ಲಿ ಸ್ವೆಟರ್ ಹಾಕಿಕೊಂಡು ಕುಳಿತು ಕಟ್ಟಿಕೊಟ್ಟು ಬರುತ್ತಿದ್ದರು. ಮಾವ ಬೇಗ ತೀರಿಕೊಂಡಿದ್ದರಿಂದ ಮಗನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಈ ಓಡಾಟ ಸಾಕಾದ ಮೇಲೆ, ಗಿರಾಕಿಗಳ ಹತ್ತಿರ ಇದ್ದ ಆರು ಥರದ ಯಂತ್ರಗಳನ್ನೂ ಒಂದೊಂದಾಗಿ ಮನೆಗೇ ತಂದಿಟ್ಟುಕೊಂಡು, ಇಲ್ಲಿಂದಲೇ ಕಟ್ಟಿ ಕಳಿಸತೊಡಗಿದರು.

"ಮಗೂನ ಐಸ್ ಮನೇಲಿ ಕೂರಿಸ್ತಿದ್ರಾ?" ನಾನು ಕೇಳಿದೆ.

"ಐಸಲ್ಲಿ ಯಾಕೆ ಕೂರಿಸ್ಲಿ? ಹೊರಗಡೆ ಆಫೀಸಲ್ಲಿ ಕೂರಿಸ್ತಿದ್ದೆ. ಅವನೇ ಒಳಗೆ ನುಗ್ತಿದ್ದ."

"ನೆಗಡಿ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಹೋಗ್ತಿತ್ತು."

ಹೋಗ್ತಿತ್ತು ಎಂದು ಎಷ್ಟು ಸಲೀಸಾಗಿ ಹೇಳಿದರು! ನನ್ನ ಮಗಳಿಗೆ ನೆಗಡಿಯಾದರೆ ನಾನು ಇಬ್ಬರು ಡಾಕ್ಟರನ್ನು ಕಂಡು, ಇಬ್ಬರೂ ಒಂದೇ ಮಾತು ಹೇಳಿದರೆಂದು ಅನುಮಾನಪಟ್ಟು ಮೂರನೆಯವರನ್ನು ಹುಡುಕುವವಳು. ನಾನು ಹೆದರದ ವಿಷಯವೊಂದು ಉಳಿದಿದ್ದರೆ, ಇದಕ್ಕೆ ಯಾಕೆ ಇನ್ನೂ ಹೆದರಿಲ್ಲ ಎಂದು ಗಾಬರಿಯಾಗುವವಳು. ಮಗು ಮಲಗುವ ಕೋಣೆಯಲ್ಲಿ ಉಷ್ಣತೆ ಅಳೆಯುವ ಪುಟ್ಟ ಸಾಧನ ಇಟ್ಟಿದ್ದೇನೆ. ಒಂದು ಡಿಗ್ರಿ ಏರಿದರೂ ನನ್ನ ಫೋನು ಚೀರುತ್ತದೆ, ಅದು ಚೀರುವ ಮೊದಲೇ ನಾನು ಚೀರಿರುತ್ತೇನೆ.

ಇಂಥ ನನಗೆ ಆ ಆರು ಯಂತ್ರಗಳು ಹೇಗೆ ಕಾಣಬೇಕು ಹೇಳಿ. ವೈರುಗಳು ಹಾವಿನ ಮರಿಗಳಂತೆ ನೆಲದ ಮೇಲೆ. ಮಗು ಅತ್ತ ತೆವಳಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕೋಣೆಯನ್ನು ಕೇಳಲು ನಾನು ವಾರಗಟ್ಟಲೆ ಮಾತು ಜೋಡಿಸಿಕೊಂಡೆ. ಗಂಡನ ಹತ್ತಿರ ಹೇಳಿದರೆ "ಹೂಂ" ಎಂದ. ಅತ್ತೆ ಅವನ ಹತ್ತಿರ ಯಂತ್ರಗಳಿಗೆ ಇನ್ನೊಂದು ಮೇಜು ಬೇಕೆಂದರೆ ಅದಕ್ಕೂ "ಹೂಂ" ಎಂದ. ಏನೂ ಕೇಳಿಸದಿದ್ದರೆ ಹೂಂ ಎನ್ನುವುದು ಅವನ ಹುಟ್ಟುಗುಣ.

ಕೊನೆಗೆ ನಾನೇ ಬಾಯಿಬಿಟ್ಟೆ. "ಅತ್ತೆ, ಆ ರೂಮು ಪುಟ್ಟಿಗೆ ಬೇಕಾಗಿತ್ತು."

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಅವಳು ಕೇಳಿದ್ಲಾ?"

"ಅವಳಿಗೆ ಮಾತು ಬರಲ್ಲ."

"ಹಾಗಾದ್ರೆ ಬೇಕಾಗಿರೋದು ನಿನಗೆ."

ಆ ಕ್ಷಣಕ್ಕೆ ಸುಮ್ಮನಿದ್ದಿದ್ದರೆ ಇದನ್ನು ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಆದರೆ ನಾನೂ ಇದೇ ಕಸುಬಿನವಳು. ದೊಡ್ಡ ಕಾಲೇಜಿನಲ್ಲಿ ಕಲಿತವಳು. ನಾನು ಕೆಲಸ ಮಾಡುವ ಭಾಷೆಗಳಲ್ಲಿ ಯಂತ್ರದ ಚಿಂತೆಯನ್ನು ಬೇರೆ ಯಾರೋ ಮಾಡಿರುತ್ತಾರೆ. ಯಾರು ಅಂತ ನಾನು ಕೇಳಿದವಳಲ್ಲ. ಹೀಗಾಗಿ ನನಗೆ ಧೈರ್ಯ ಜಾಸ್ತಿ.

"ಈಗಿನ ಕಾಲದಲ್ಲಿ ಆರು ಯಂತ್ರ ಯಾಕೆ ಬೇಕು ಅತ್ತೆ? ನನ್ನ ಒಂದು ಲ್ಯಾಪ್‌ಟಾಪಲ್ಲೇ ಕೂತು ಆರಕ್ಕೂ ಕಟ್ಟಬಹುದು. ಬೇರೆ ಯಂತ್ರಕ್ಕೆ ಅಂತಲೇ ಕಟ್ಟಿಕೊಡೋ ಕಂಪೈಲರ್ ಇರುತ್ತೆ."

"ಕಟ್ತೀಯಾ?"

"ಕಟ್ತೀನಿ."

"ಸರಿ. ಆರಕ್ಕೂ ಕಟ್ಟಿಕೊಡು. ಗಿರಾಕಿಗಳ ಹತ್ತಿರ ಓಡಿದ್ರೆ ರೂಮು ನಿಂದು, ಯಂತ್ರ ಗುಜರಿಗೆ. ಓಡದಿದ್ರೆ ಆ ಮಾತನ್ನ ಇನ್ನೊಂದು ಸಲ ಎತ್ತಬಾರದು." ಇಷ್ಟು ಹೇಳಿ ಅತ್ತೆ ಮಗುವಿನ ಮೂಗು ಒರೆಸಿದರು, ತಮ್ಮ ಸೆರಗಿನಿಂದಲೇ. ನಾನು ನೋಡಿಯೂ ನೋಡದವಳ ಹಾಗೆ ಇದ್ದೆ. ಪಣ ಕಟ್ಟಿದ ದಿನ ಸಣ್ಣ ವಿಷಯಕ್ಕೆ ಜಗಳ ಬೇಡ ಅಂತ.

ಕೆಲಸ ಶುರು ಮಾಡಿದೆ. ಅತ್ತೆಯ ಪ್ರೋಗ್ರಾಮಿನ ಜೊತೆಗೆ ಅವರೇ ಬರೆದ ಒಂದು ಸ್ಕ್ರಿಪ್ಟ್ ಇದೆ. ಜಗತ್ತೆಲ್ಲ ಕಾನ್ಫಿಗರ್ ಅನ್ನುವುದನ್ನು ಅವರು 'ವಿಚಾರಣೆ' ಅನ್ನುತ್ತಾರೆ. ಕಟ್ಟುವ ಮೊದಲು ಅದು ಯಂತ್ರವನ್ನು ಒಂದೊಂದಾಗಿ ಕೇಳುತ್ತದೆ. ಈ ಕಡತ ನಿನ್ನಲ್ಲಿದೆಯೇ? ಈ ಕೆಲಸ ಬರುತ್ತದೆಯೇ? ದೊಡ್ಡ ಸಂಖ್ಯೆಯನ್ನು ಎಡ ತುದಿಯಿಂದ ಬರೆದಿಡುತ್ತೀಯಾ? ಒಂದಕ್ಷರ ಇಡುವ ಪುಟ್ಟ ಜಾಗದಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆಯನ್ನೂ ಇಟ್ಟುಕೊಳ್ಳಬಲ್ಲೆಯಾ? ಬಾಯಿಮಾತಿಗೆ ಬೆಲೆ ಇಲ್ಲ. ಪ್ರತಿ ಪ್ರಶ್ನೆಗೂ ಎರಡು ಸಾಲಿನ ಪ್ರೋಗ್ರಾಮ್ ಬರೆದು, ಅಲ್ಲೇ ಕಟ್ಟಿ, ಅಲ್ಲೇ ಓಡಿಸಿ, ಹೌದು ಅಥವಾ ಇಲ್ಲ ಎಂದು ಪರದೆಯ ಮೇಲೆ ಬರೆಯುತ್ತದೆ.

ನಾನು ಅದನ್ನು ಓದಿ ನಕ್ಕುಬಿಟ್ಟೆ. "ಇಷ್ಟೆಲ್ಲ ಯಾಕೆ ಅತ್ತೆ? ಯಾವ ಸಿಸ್ಟಮ್ ಅಂತ ಹೆಸರು ಕೇಳಿದ್ರೆ ಸಾಕಲ್ಲ, ಎಲ್ಲ ಗೊತ್ತಾಗುತ್ತೆ."

"ಹೆಸರು ಕೇಳಿ ಹೆಣ್ಣು ತಂದ ಹಾಗಾಗುತ್ತೆ" ಎಂದರು.

ಅದು ನನಗೇ ಬಂದದ್ದು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಗಂಡನ ಕಡೆ ನೋಡಿದೆ. "ಹೂಂ" ಎಂದ.

ಲ್ಯಾಪ್‌ಟಾಪಿನಲ್ಲಿ ಕಟ್ಟುವುದರಲ್ಲಿ ಒಂದು ತೊಡಕಿತ್ತು. ಮೌನಿಗಾಗಿ ಕಟ್ಟಿದ ಪ್ರೋಗ್ರಾಮ್ ನನ್ನ ಲ್ಯಾಪ್‌ಟಾಪಿನ ಮೇಲೆ ಓಡದು. ಅಂದರೆ ವಿಚಾರಣೆಯ ಪುಟ್ಟ ಪ್ರೋಗ್ರಾಮುಗಳೂ ಓಡವು. ಕಟ್ಟಬಹುದು, ಕೇಳಲಾಗದು. ಆದರೂ ಸ್ಕ್ರಿಪ್ಟ್ ನಿಲ್ಲಲಿಲ್ಲ. ಸರಸರನೆ ಹೌದು, ಇಲ್ಲ, ಹೌದು, ಹೌದು ಎಂದು ಬರೆಯುತ್ತಾ ಮುಗಿಸಿತು. ಕೇಳಲಾಗದ್ದಕ್ಕೆ ಉತ್ತರ ಎಲ್ಲಿಂದ ಬಂತು ಎಂದು ಯೋಚಿಸಬೇಕಾದವಳು ನಾನು. ಹಾಲು ಉಕ್ಕಿದರೆ ಒಲೆಯೇ ಸಿಡಿಯಿತು ಎಂದುಕೊಳ್ಳುವ ನಾನು, ಇದೊಂದು ವಿಷಯದಲ್ಲಿ "ನೋಡಿ, ಎಷ್ಟು ಬೇಗ ಆಯಿತು!" ಎಂದು ಹಿಗ್ಗಿದೆ. ಹೆದರುವವರ ಕಷ್ಟವೇ ಇದು. ಇದ್ದ ಹೆದರಿಕೆಯನ್ನೆಲ್ಲ ಬೇಡದ ಕಡೆ ಖರ್ಚು ಮಾಡಿಬಿಟ್ಟಿರುತ್ತೇವೆ, ಬೇಕಾದ ಕಡೆಗೆ ಏನೂ ಉಳಿದಿರುವುದಿಲ್ಲ.

ಪರೀಕ್ಷೆ ಮಾಡಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಕಟ್ಟಿದ್ದನ್ನು ಆರೂ ಯಂತ್ರಗಳಿಗೆ ಹಾಕಿ ಓಡಿಸಿದೆ. ಪ್ರೋಗ್ರಾಮಿಗೆ ಓದಲು ಉಷ್ಣತೆ ಬೇಕಲ್ಲ? ಮಗುವಿನ ಕೋಣೆಯ ಸಾಧನ ಇತ್ತು. ತಿಂಗಳುಗಟ್ಟಲೆಯ ಅಳತೆ ಅದರಲ್ಲಿ ತುಂಬಿತ್ತು. ಅದನ್ನೇ ಕೊಟ್ಟೆ. ಇಪ್ಪತ್ತಮೂರು, ಇಪ್ಪತ್ತನಾಲ್ಕು, ಇಪ್ಪತ್ತೈದು. ಆರು ಪರದೆಗಳ ಮೇಲೂ ಅಚ್ಚುಕಟ್ಟಾಗಿ ಬಂತು. ನಾನಿಟ್ಟ ಗಡಿ ಇಪ್ಪತ್ತೇಳನ್ನು ಮುಟ್ಟಿದಾಗ ಆರೂ ಒಟ್ಟಿಗೆ ಗಂಟೆ ಬಾರಿಸಿದವು. ಅಷ್ಟೇಕೆ, ಮಗಳು ಆ ಸದ್ದಿಗೆ ಚಪ್ಪಾಳೆಯನ್ನೂ ತಟ್ಟಿದಳು.

ಮೀನು, ಐಸ್ ಕ್ರೀಮ್ ಕಾಯಬೇಕಾದ ಪ್ರೋಗ್ರಾಮನ್ನು ಮಗು ಮಲಗುವ ಕೋಣೆಯ ಹವೆಯಲ್ಲಿ ಪರೀಕ್ಷಿಸಿದ ಮೊದಲ ವ್ಯಕ್ತಿ ನಾನೇ ಇರಬೇಕು.

ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ಗಿರಾಕಿಗಳಿಗೆ ಕಳಿಸು" ಎಂದಷ್ಟೇ ಹೇಳಿದರು. ಕಳಿಸಿದೆ. ಅಚ್ಚುಕಟ್ಟು ನನ್ನ ಸ್ವಭಾವ ನೋಡಿ, "ಹೊಸದನ್ನು ಹಾಕಿದ ಮೇಲೆ ಹಳೆಯದನ್ನು ಅಳಿಸಿಬಿಡಿ, ಗೊಂದಲ ಬೇಡ" ಎಂದೂ ಬರೆದೆ. ತರಕಾರಿಯವರು ಹಾಕಿಕೊಂಡು ಚೆನ್ನಾಗಿದೆ ಎಂದರು. ಹೂವಿನವರೂ ಚೆನ್ನಾಗಿದೆ ಎಂದರು. ಉಳಿದವರಿಂದ ದೂರೇನೂ ಬರಲಿಲ್ಲ. ಆಗ ಗೊತ್ತಿರಬೇಕಿತ್ತು: ತರಕಾರಿ, ಹೂವು ಸೊನ್ನೆಗಿಂತ ಕೆಳಗೆ ಹೋದರೆ ಕೆಟ್ಟೇ ಹೋಗುತ್ತವೆ. ಅವರು ಅಲ್ಲಿಗೆ ಇಳಿಯುವುದೇ ಇಲ್ಲ. ನಾನು ಆ ಹೊತ್ತಿನಲ್ಲಿ ಕಿಟಕಿಯ ಪರದೆಗೆ ಅಳತೆ ತೆಗೆಯುತ್ತಿದ್ದೆ.

ಅತ್ತೆ ಮಾತಿಗೆ ತಪ್ಪುವವರಲ್ಲ. ಹಳೇ ಸಾಮಾನಿನವನನ್ನು ತಾವೇ ಕರೆಸಿದರು. ಅವನು ಬರುವ ಬೆಳಿಗ್ಗೆ ಒಂದೊಂದು ಯಂತ್ರವನ್ನೂ ಒದ್ದೆ ಬಟ್ಟೆಯಿಂದ ಒರೆಸಿದರು. ಗುಂಡನ ಬೆನ್ನಿನ ಧೂಳನ್ನು ಬಾಯಿಂದ ಊದಿದರು. ಅಜ್ಜಿಯನ್ನು ಕೊನೆಯ ಸಲ ಹಚ್ಚಿ, ಅದು ಏಳುವತನಕ ಕಾದು, ಪರದೆ ಬೆಳಗಿದ ಮೇಲೆ ತಾವೇ ಆರಿಸಿದರು. ಹೊರಗೆ ಬಂದು ನಡುಮನೆಯ ಸೋಫಾ ಮೇಲೆ ಕೂತು, ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಆ ಕೈಗಳು ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ಕರುಳು ಚುರುಕ್ ಅನ್ನಬೇಕಿತ್ತು. ನನಗೆ ಮೂಡಿದ ಪ್ರಶ್ನೆ, ಗೋಡೆಗೆ ಹಳದಿ ಬಳಿಸುವುದೋ ತಿಳಿಹಸಿರೋ ಎಂಬುದು.

ಹಳೇ ಸಾಮಾನಿನವನು ಆರನ್ನೂ ಹೊತ್ತು ಇಳಿಸಿ, ಕೆಳಗೆ ಗಾಡಿಗೆ ಹೇರಿ ಹೊರಟ. ಅವನ ಗಾಡಿ ಬೀದಿಯ ತಿರುವಿಗೆ ಹೋಗುವ ಹೊತ್ತಿಗೆ ಅತ್ತೆಯ ಫೋನು ಬಡಿದುಕೊಂಡಿತು. ಐಸ್ ಕ್ರೀಮ್ ಯಜಮಾನ. ಅವನ ದನಿ ಫೋನಿನಿಂದ ಹೊರಗೆ ಬಂದು ಅಡುಗೆಮನೆಯವರೆಗೆ ಕೇಳುತ್ತಿತ್ತು.

"ಮೇಡಂ, ನಿಮ್ಮ ಹೊಸ ಪ್ರೋಗ್ರಾಮ್ ಈಗಷ್ಟೇ ಹಾಕ್ದೆ. ನನ್ನ ಫ್ರೀಜರು ಇನ್ನೂರ ಮೂವತ್ತೆಂಟು ಡಿಗ್ರಿ ಅಂತಿದೆ!"

"ಎಷ್ಟು?"

"ಇನ್ನೂರ ಮೂವತ್ತೆಂಟು. ಬೆಂಕಿ ಬಿತ್ತು ಅಂದ್ಕೊಂಡು ಮೋಟಾರ್ ನಿಲ್ಲಿಸ್ಬಿಟ್ಟಿದೆ. ಅಲ್ಲ ಮೇಡಂ, ಅಷ್ಟು ಬಿಸಿ ಇದ್ದಿದ್ರೆ ನಾನು ಐಸ್ ಕ್ರೀಮ್ ಬಿಟ್ಟು ಬಿಸ್ಕತ್ತು ಸುಡ್ತಿರ್ಲಿಲ್ವಾ?"

"ಒಳಗೆ ಗಾಜಿನ ಥರ್ಮಾಮೀಟರ್ ಇದೆಯಲ್ಲ, ಅದು ಎಷ್ಟು ತೋರಿಸ್ತಿದೆ?"

"ಸೊನ್ನೆಗಿಂತ ಹದಿನೆಂಟು ಕೆಳಗೆ. ಯಾವಾಗ್ಲೂ ಇರೋ ಹಾಗೆ."

"ಮೊದಲು ಪ್ರೋಗ್ರಾಮ್ ನಿಲ್ಲಿಸು. ಗೋಡೆ ಮೇಲಿನ ಸ್ವಿಚ್ಚಿಂದ ಮೋಟಾರ್ ಹಾಕು. ನಾನು ಹೇಳೋವರೆಗೂ ಅಲ್ಲೇ ಕೂತು ಕೈಯಿಂದ ನಡೆಸ್ಕೋ."

"ಅಯ್ಯೋ ಮೇಡಂ, ಒಳಗೆ ಕೂತ್ರೆ ನಾನೇ ಐಸ್ ಕ್ಯಾಂಡಿ ಆಗ್ತೀನಿ!"

"ಹೊರಗೆ ಕೂರು. ಆಗಾಗ ಬಾಗಿಲು ತೆಗೆದು ನೋಡು. ಸ್ವೆಟರ್ ಹಾಕ್ಕೋ."

ಫೋನು ಇಟ್ಟು ಅತ್ತೆ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಲೆಕ್ಕದ ಮೇಷ್ಟರ ಹಾಗೆ ಕೇಳಿದರು: "ಇನ್ನೂರ ಐವತ್ತಾರರಲ್ಲಿ ಹದಿನೆಂಟು ಕಳೆ. ಎಷ್ಟು?"

ಕಳೆಯುವ ಮೊದಲೇ ನನಗೆ ಅರ್ಥವಾಯಿತು. ಒಂದಕ್ಷರದ ಪುಟ್ಟ ಜಾಗದಲ್ಲಿ ಇನ್ನೂರ ಐವತ್ತಾರು ಬೆಲೆಗಳಿಗಷ್ಟೇ ಸ್ಥಳ. ಕೆಲವು ಯಂತ್ರಗಳು ಅದರಲ್ಲಿ ಅರ್ಧವನ್ನು ಸೊನ್ನೆಯ ಕೆಳಗಿನವಕ್ಕೆ ಬಿಟ್ಟುಕೊಡುತ್ತವೆ. ಕೆಲವು ಸುತರಾಂ ಬಿಡುವುದಿಲ್ಲ. ಅಂಥ ಕಡೆ ಸೊನ್ನೆಯಿಂದ ಹಿಂದಕ್ಕೆ ಹೆಜ್ಜೆ ಇಟ್ಟರೆ, ಗಡಿಯಾರದ ಮುಳ್ಳು ಒಂದರಿಂದ ಹನ್ನೆರಡಕ್ಕೆ ಹಾರುವ ಹಾಗೆ, ನೇರ ಮೇಲಿನ ತುದಿಗೆ ಹಾರುತ್ತದೆ. ಮೌನಿ ಬಿಟ್ಟುಕೊಡದ ಜಾತಿ. ಐಸ್ ಕ್ರೀಮ್ ಯಜಮಾನನ ಹತ್ತಿರ ಇರುವುದು ಮೌನಿಯ ಒಡಹುಟ್ಟು. ನನ್ನ ಲ್ಯಾಪ್‌ಟಾಪ್ ಅದನ್ನು ಕೇಳಲಾಗದೆ "ಹೌದು, ಇಟ್ಟುಕೊಳ್ಳುತ್ತದೆ" ಎಂದು ತಾನೇ ಬರೆದುಕೊಂಡಿತ್ತು. ಮಗುವಿನ ಕೋಣೆ ಎಂದೂ ಸೊನ್ನೆಗಿಂತ ಕೆಳಗಿಳಿಯದ ಕಾರಣ, ನಾನು ಆರು ಯಂತ್ರಗಳ ಮೇಲೆ ಓಡಿಸಿಯೂ ಏನನ್ನೂ ಕಂಡಿರಲಿಲ್ಲ.

"ಒಂದು ಸಾಲು ಬದಲಾಯಿಸಿದ್ರೆ ಸಾಕು ಅತ್ತೆ" ಎಂದೆ. "ಈಗಲೇ ಲ್ಯಾಪ್‌ಟಾಪಲ್ಲಿ..."

"ಒಂದು ಸುಳ್ಳು ಸಿಕ್ತು. ಕೇಳದೇ ಬರೆದ ಉಳಿದ ಉತ್ತರಗಳು? ಅವು ಸತ್ಯ ಅಂತ ಯಾರು ಹೇಳಿದ್ದು?"

"ಹಾಗಾದ್ರೆ?"

"ಯಂತ್ರವನ್ನೇ ಕೇಳಬೇಕು."

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ನೋಡಿದೆವು.

ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಓಡಿದೆ. ಅವಳನ್ನು ಅತ್ತೆಯ ಕೈಗೆ ಕೊಡಬಹುದಿತ್ತು. ಆದರೆ ಗಾಬರಿಯಾದರೆ ಮೊದಲು ಮಗುವನ್ನು ಎತ್ತಿಕೊಳ್ಳುವುದು ನನ್ನ ಕೈಗಳ ರೂಢಿ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬೀದಿಯ ಜನ ಬೆಂಕಿಯೋ ಕಳ್ಳನೋ ಎಂದು ನನ್ನ ಹಿಂದೆ ನೋಡಿದರು. ಮಗಳು ಕುದುರೆ ಸವಾರಿ ಎಂದುಕೊಂಡು ಕೇಕೆ ಹಾಕುತ್ತಿದ್ದಳು. ತಿರುವಿನಾಚೆ ಗಾಡಿ ಸಿಕ್ಕಿತು. ಹಳೇ ಸಾಮಾನಿನವನು ಆಗಲೇ ಗುಂಡನ ಬೆನ್ನಿಗೆ ಸ್ಕ್ರೂಡ್ರೈವರ್ ಇಟ್ಟಿದ್ದ.

"ಬಿಚ್ಚಬೇಡಪ್ಪಾ! ಅವು ವಾಪಸ್ ಬೇಕು!"

"ಏನಕ್ಕಾ ಇದು? ಕೊಟ್ಟದ್ದು ಕೊಟ್ಟಾಯ್ತು. ಎರಡು ಮಹಡಿ ಹೊತ್ತು ಇಳಿಸಿದೀನಿ. ಬೆನ್ನು ನಿಮ್ಮದಾ?"

"ಬದಲಿಗೆ ಬೇರೆ ಏನಾದ್ರೂ ಕೊಡ್ತೀನಿ."

"ಏನಿದೆ?"

ಏನಿದೆ ಎಂದು ಯೋಚಿಸಿದೆ. ನನ್ನ ಹೆದರಿಕೆಯ ರಾಶಿಯ ಮೇಲ್ತುದಿಯಲ್ಲಿ ಇನ್ನೂ ಪೂರ್ತಿ ಹೊಸದಾಗಿ ಕೂತಿತ್ತು, ತಂತಾನೇ ತೂಗುವ ವಿದ್ಯುತ್ ತೊಟ್ಟಿಲು. ಹೊಸ ಕೋಣೆಯ ಕಿಟಕಿಯ ಪಕ್ಕಕ್ಕೆಂದು ಅದಕ್ಕೊಂದು ಜಾಗವನ್ನೂ ಗೊತ್ತು ಮಾಡಿದ್ದೆ. ಮಗಳು ಅದರಲ್ಲಿ ಮಲಗಿದ್ದು ಒಂದೇ ಸಲ, ಅದೂ ಅಳುತ್ತಾ.

"ತೊಟ್ಟಿಲು. ಕರೆಂಟಿನದ್ದು."

ಅವನು ನನ್ನನ್ನೂ ಮಗುವನ್ನೂ ನೋಡಿದ. "ಮಗು ಇದೆಯಲ್ಲಕ್ಕಾ, ನಿಮಗೆ ಬೇಡ್ವಾ?"

"ಇವಳಿಗೆ ಬೇಡ."

"ನನ್ನ ತಂಗಿ ಹೆರಿಗೆಗೆ ಬಂದಿದ್ದಾಳೆ" ಎನ್ನುತ್ತಾ ಗಾಡಿ ತಿರುಗಿಸಿದ. ಹಿಂದಿರುಗುವ ದಾರಿಯುದ್ದಕ್ಕೂ "ಹತ್ತಿಸೋಕೆ ಬೇರೆ, ಇಳಿಸೋಕೆ ಬೇರೆ" ಎಂದು ಗೊಣಗುತ್ತಲೇ ಇದ್ದ. ಆದರೂ ಆರನ್ನೂ ಹೊತ್ತು ತಂದು ಕೋಣೆಯಲ್ಲಿ ಇಳಿಸಿ, ತೊಟ್ಟಿಲನ್ನು ತಲೆಯ ಮೇಲಿಟ್ಟುಕೊಂಡು ಹೋದ.

ಅತ್ತೆ ಆಗಲೇ ಕನ್ನಡಕ ಏರಿಸಿ ಕಾದಿದ್ದರು. ಮೌನಿಯನ್ನು ಹಚ್ಚಿದರು. ವಿಚಾರಣೆ ಶುರುವಾಯಿತು. ಸೊನ್ನೆಗಿಂತ ಕೆಳಗಿನದನ್ನು ಇಟ್ಟುಕೊಳ್ಳಬಲ್ಲೆಯಾ? ಮೌನಿ ಪುಟ್ಟ ಪ್ರೋಗ್ರಾಮನ್ನು ಓಡಿಸಿ ನೋಡಿ ಬರೆಯಿತು: ಇಲ್ಲ. ನನ್ನ ಲ್ಯಾಪ್‌ಟಾಪಿನ ಉತ್ತರಗಳನ್ನು ಪಕ್ಕದಲ್ಲಿಟ್ಟು ಹೋಲಿಸಿದೆವು. ಇನ್ನೂ ಎರಡು ಕಡೆ ಲ್ಯಾಪ್‌ಟಾಪ್ ಹೇಳಿದ್ದು ಸುಳ್ಳಾಗಿತ್ತು. ಹೊಸದಾಗಿ ಕಟ್ಟಿದೆವು. ಈ ಸಲ ಪರೀಕ್ಷೆಗೆ ನಮ್ಮ ಅಡುಗೆಮನೆಯ ಫ್ರಿಜ್ಜಿನ ಮೇಲಿನ ಖಾನೆಯೊಳಗೆ ಮಗುವಿನ ಸಾಧನವನ್ನು ಇಟ್ಟೆ. ನನ್ನ ಫೋನು "ಮಗುವಿನ ಕೋಣೆ ತುಂಬಾ ತಣ್ಣಗಾಗಿದೆ" ಎಂದು ಚೀರಿಕೊಳ್ಳುತ್ತಿತ್ತು. ಮೌನಿಯ ಪರದೆಯ ಮೇಲೆ ಸೊನ್ನೆಗಿಂತ ಹನ್ನೆರಡು ಕೆಳಗೆ ಎಂದು ನೆಟ್ಟಗೆ ಬಂತು. ಕಳಿಸಿದೆವು. ಸ್ವಲ್ಪ ಹೊತ್ತಿಗೆ ಐಸ್ ಕ್ರೀಮ್ ಯಜಮಾನ ಫೋನು ಮಾಡಿ, ಎಲ್ಲ ಸರಿಯಾಯಿತು, ಸ್ವೆಟರ್ ಬಿಚ್ಚಬಹುದೇ ಎಂದು ಕೇಳಿದ.

ನಾನು ನೆಲದ ಮೇಲೆ ವೈರುಗಳ ನಡುವೆ ಕೂತುಬಿಟ್ಟೆ. "ರೂಮು ನಿಮ್ಮದೇ ಅತ್ತೆ. ನಾನು ಸೋತೆ. ಇನ್ನು ಆ ಮಾತು ಎತ್ತಲ್ಲ."

ಅತ್ತೆ ಪರದೆಗೆ ಮೂಗು ಮುಟ್ಟುವಷ್ಟು ಬಾಗಿ ತಮ್ಮದೇ ಸ್ಕ್ರಿಪ್ಟನ್ನು ಓದುತ್ತಿದ್ದರು. ನಾನೂ ಎದ್ದು ಇಣುಕಿದೆ. ಅಲ್ಲೊಂದು ಸಾಲಿತ್ತು. ಯಂತ್ರವನ್ನು ಕೇಳಲು ಆಗದಿದ್ದರೆ ಉತ್ತರ 'ಹೌದು' ಎಂದಿಟ್ಟುಕೋ ಎನ್ನುವ ಸಾಲು.

"ಅತ್ತೆ, ಇದನ್ನ ಯಾರು ಬರೆದದ್ದು?"

"ಯಾರೋ ಬರೆದಿದ್ದಾರೆ."

"ಯಾರೋ ಅಂದ್ರೆ? ಇದನ್ನ ಮುಟ್ಟಿರೋರು ನೀವೊಬ್ಬರೇ ತಾನೇ?"

"ಆಗ ನಾನು ಬೇರೆ ಥರ ಇದ್ದೆ."

"ಗೊತ್ತಿಲ್ಲದಿದ್ರೆ ಹೌದು ಅಂತ ಹೇಳೋದಾ? ನಿಮ್ಮ ಮಗನ ಹಾಗೇ ಆಯ್ತಲ್ಲ ಇದು!"

"ಅವನು ಯಾರ ಹೊಟ್ಟೆಯಿಂದ ಬಂದ ಮತ್ತೆ?" ಎಂದು ಅತ್ತೆ ಗದರಿದರು. ಗದರುತ್ತಲೇ ನಕ್ಕರು. ನಾನೂ ನಕ್ಕು, ಅತ್ತೆ ಒಡೆದದ್ದು ಹಳೇ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಅನ್ನುತ್ತಾರಲ್ಲ, ಇವತ್ತು ಇಬ್ಬರೂ ಸೇರಿ ಒಂದೇ ಮಡಕೆ ಒಡೆದಿದ್ದೇವೆ ಎಂದೆ. "ನಿನ್ನ ಪಾಲು ದೊಡ್ಡದು" ಎಂದು ಅವರು ಚೌಕಾಸಿ ಮಾಡಿದರು.

ಆಮೇಲೆ ಅವರು ಮಾಡಿದ್ದು ನಾನು ಎಣಿಸದ ಕೆಲಸ. ಮಾರನೆಯ ಬೆಳಿಗ್ಗೆ ಉಳಿದ ಐದು ಯಂತ್ರಗಳನ್ನೂ ಒಂದೊಂದಾಗಿ ಹಚ್ಚಿ ವಿಚಾರಣೆ ನಡೆಸಿದರು. ನನ್ನ ಲ್ಯಾಪ್‌ಟಾಪ್ ದೂರದಿಂದ ಬರೆದ ಉತ್ತರ ಎಡಗಡೆ, ಯಂತ್ರ ಕೊಟ್ಟ ಉತ್ತರ ಬಲಗಡೆ. ಗುಂಡ, ಕಿರಿಕಿರಿ, ಅಜ್ಜಿ, ದೊಡ್ಡ ವಾರಗಿತ್ತಿ: ಎರಡೂ ಒಂದೇ. ಚಿಕ್ಕ ವಾರಗಿತ್ತಿ ಮಾತ್ರ, ಎಂದಿನಂತೆ, ಬೇರೆ.

"ನಾಲ್ಕರ ಮಟ್ಟಿಗೆ ನಿನ್ನ ಡಬ್ಬಿ ಹೇಳಿದ್ದು ಸರಿ" ಎಂದರು. ಹಾಗೆ ಹೇಳುವಾಗ ಅವರ ಮುಖ ಕಷಾಯ ಕುಡಿದವರ ಹಾಗಿತ್ತು. "ಆ ನಾಲ್ಕನ್ನ ಕಳಿಸು."

"ಬೇಡ ಅತ್ತೆ. ಪಣ ಸೋತದ್ದು ನಾನು."

"ನಿನಗೋಸ್ಕರ ಹೇಳ್ತಿಲ್ಲ. ಕೇಳಿ ನೋಡಿದ್ದೀನಿ, ಬೇಡ ಅಂತ ಗೊತ್ತಾಗಿದೆ. ಗೊತ್ತಾದ ಮೇಲೂ ಇಟ್ಕೊಂಡ್ರೆ ಅದು ನೀನಂದ ಹವ್ಯಾಸ ಆಗುತ್ತೆ."

ಹಳೇ ಸಾಮಾನಿನವನು ಮತ್ತೆ ಬಂದ. ನಾಲ್ಕನ್ನೂ ಮತ್ತೆ ಹೊತ್ತ. "ಅಕ್ಕಾ, ತೊಟ್ಟಿಲೂ ನನಗೆ, ಪೆಟ್ಟಿಗೆಗಳೂ ನನಗೆ. ನಿಮ್ಮನೆ ವ್ಯವಹಾರ ಹೀಗೇ ಇರ್ಲಿ" ಎಂದು ಹರಸಿ ಇಳಿದು ಹೋದ. ಅವನ ತಂಗಿಯ ಕೂಸು ಆ ತೊಟ್ಟಿಲಲ್ಲಿ ಸೊಗಸಾಗಿ ನಿದ್ದೆ ಮಾಡುತ್ತದಂತೆ. ಕೇಳಿ ನನಗೆ ಸಂತೋಷವಾಗಬೇಕಿತ್ತು. ಆ ಮಗು ಯಾಕೆ ಮಲಗುತ್ತದೆ, ನಮ್ಮದು ಯಾಕೆ ಮಲಗಲಿಲ್ಲ ಎಂದು ಒಂದು ವಾರ ಕೊರಗಿದೆ.

ಕೋಣೆ ಮಗುವಿಗೆ ಸಿಕ್ಕಿತು. ಗೋಡೆಗೆ ತಿಳಿಹಸಿರು ಬಳಿಸಿದೆ, ಪರದೆ ಹಾಕಿಸಿದೆ. ಮೌನಿ, ಚಿಕ್ಕ ವಾರಗಿತ್ತಿ ಇಬ್ಬರೂ ನಡುಮನೆಗೆ ಬಂದು, ಊಟದ ಮೇಜಿನ ಅರ್ಧಭಾಗದಲ್ಲಿ ಸಂಸಾರ ಹೂಡಿದರು. ಅವರ ಜೊತೆಗೆ ಅತ್ತೆಯೂ. ಮೊದಲು ಬಾಗಿಲು ಮುಚ್ಚಿದ ಕೋಣೆಯೊಳಗೆ ನಡೆಯುತ್ತಿದ್ದದ್ದು ಈಗ ನನ್ನ ಕಣ್ಣೆದುರು, ಇಡೀ ದಿನ, ಸ್ಪೀಕರ್ ಫೋನಿನಲ್ಲಿ ನಡೆಯುತ್ತದೆ. ಮೀನಿನವರ ದೂರು ಕೇಳುತ್ತಾ ನಾವು ಊಟ ಮಾಡುತ್ತೇವೆ. ಕೋಣೆ ಗೆದ್ದೆ, ನಡುಮನೆ ಸೋತೆ. ಗಂಡನಿಗೆ ಹೀಗೆ ಹೇಳಿದರೆ ಏನೆಂದ ಎಂದು ಬರೆಯುವ ಅಗತ್ಯವಿಲ್ಲ.

ಅತ್ತೆ ಆ ಸಾಲನ್ನು ಅಳಿಸಿ ಬೇರೆ ಬರೆದಿದ್ದಾರೆ. ನಿನ್ನೆ ಮಧ್ಯಾಹ್ನ ಐಸ್ ಕ್ರೀಮ್ ಯಜಮಾನನಿಗೆ ಸಣ್ಣದೊಂದು ಬದಲಾವಣೆ ಬೇಕಿತ್ತು. ಈಗ ಇಂಥ ಕೆಲಸದಲ್ಲಿ ಅರ್ಧ ನನ್ನ ಪಾಲಿಗೆ ಬಂದಿದೆ. ತಿಳಿಹಸಿರು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಕಟ್ಟತೊಡಗಿದೆ. ವಿಚಾರಣೆ ಸರಸರ ಓಡಿ ಒಂದು ಕಡೆ ನಿಂತುಬಿಟ್ಟಿತು. ಪರದೆಯ ಮೇಲೆ ಹೀಗಿತ್ತು: "ನನಗೆ ಗೊತ್ತಿಲ್ಲ. ಯಂತ್ರವನ್ನೇ ಕೇಳಿಕೊಂಡು ಬಾ."

ಎದ್ದು ನಡುಮನೆಗೆ ಹೋದೆ. ಅತ್ತೆ ಸೋಫಾ ಮೇಲೆ ಕಾಲು ಚಾಚಿ ಕೂತಿದ್ದರು. ಮಗಳು ಅವರ ತೋಳಿನ ಮೇಲೆ ತಲೆಯಿಟ್ಟು, ಬಾಯಿ ತೆರೆದು ನಿದ್ದೆಹೋಗಿದ್ದಳು.

"ಏನು, ನಿನ್ನ ಡಬ್ಬಿಗೆ ಗೊತ್ತಿಲ್ವಂತಾ?" ಅತ್ತೆ ಪಿಸುಗುಟ್ಟಿದರು.

"ಗೊತ್ತಿಲ್ವಂತೆ."

"ಹಾಗಾದ್ರೆ ಮೌನೀನ ಕೇಳು. ನಾನು ಏಳಲ್ಲ, ಇವಳು ಏಳ್ತಾಳೆ."

ನಾನು ಮೊದಲು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ಬರುತ್ತಿದೆಯೇ ಎಂದು ನೋಡಿದೆ. ಬರುತ್ತಿತ್ತು. ಆಮೇಲೆ ಹೋಗಿ ಮೌನಿಯನ್ನು ಕೇಳಿದೆ.